ಒಂದೇ ಶಂಕುವಿನ ಕೊರಳು
ಚಳ್ಳಕೆರೆ–ಮೊಳಕಾಲ್ಮುರು ಸೀಮೆಯಿಂದ ಕಂಡ ಧ್ವನಿವರ್ಧಕದ ಚರಿತ್ರೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳಲ್ಲಿ ಅಶೋಕನ ಕಿರುಶಾಸನಗಳಿರುವುದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ಮಾತು, ಚಪಡನೆಂಬ ಲಿಪಿಕಾರನ ಕೈಯಿಂದ ಬಂಡೆಯ ಮೇಲೆ ಮೂಡಿ ಎರಡು ಸಾವಿರದ ಇನ್ನೂರಕ್ಕೂ ಮಿಕ್ಕ ವರ್ಷಗಳು ಕಳೆದಿವೆ. ಅಕ್ಷರವು ಉಳಿಯಿತು. ಅದನ್ನು ಓದಿ ಜನರಿಗೆ ತಿಳಿಯಹೇಳಿದ ಕೊರಳು ಹೇಗಿತ್ತೆಂಬುದನ್ನು ತಿಳಿಯುವ ದಾರಿಯಿಲ್ಲ. ಧ್ವನಿಯನ್ನು ಹಿಡಿದಿಡುವ ವಿದ್ಯೆಗೆ ಇನ್ನೂರು ವರ್ಷದ ಆಯುಸ್ಸೂ ಇಲ್ಲ. ಎಡಿಸನ್ನನ ಫೋನೋಗ್ರಾಫು ಹುಟ್ಟಿದುದು 1877ರಲ್ಲಿ. ಹಿಡಿದಿಟ್ಟ ಧ್ವನಿಯನ್ನು ಮತ್ತೆ ಗಾಳಿಗೆ ಒಪ್ಪಿಸುವ ಉಪಕರಣವಾದ ಧ್ವನಿವರ್ಧಕದ ಚರಿತ್ರೆಯು ಅದಕ್ಕಿಂತಲೂ ಕಿರಿದು. ಆದರೆ ಕಿರಿದಾದ ಈ ಚರಿತ್ರೆಯ ಸಾಕ್ಷಿಗಳು ಬಂಡೆಯ ಮೇಲಿಲ್ಲ. ಕಾಗದದ ಶಂಕು, ತಾಮ್ರದ ತಂತಿ, ಅಯಸ್ಕಾಂತದ ತುಂಡು ಇಷ್ಟರಲ್ಲಿಯೇ ಇವೆ. ಹಳೆಯ ಮನೆಗಳ ಅಟ್ಟದಿಂದ ಅವು ಒಂದೊಂದಾಗಿ ಗುಜರಿಯ ತಕ್ಕಡಿಗೆ ಏರುತ್ತಿವೆ.

ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಾಡುವವರು ಮತ್ತು ನುಡಿಸುವವರು ಸಭೆಯ ಕೊನೆಯ ಸಾಲನ್ನು ಮುಟ್ಟಲು ತಮ್ಮ ದೇಹವನ್ನೇ ನಂಬಬೇಕಾಗಿದ್ದಿತು. ಕಂಪನಿ ನಾಟಕದ ನಟನು ಏರುಶ್ರುತಿಯಲ್ಲಿ ಹಾಡಿದುದು ಕೇವಲ ರುಚಿಯಿಂದಲ್ಲ. ಡೇರೆಯ ಹಿಂಬದಿಯಲ್ಲಿ ನೆಲದ ಮೇಲೆ ಕುಳಿತವನೂ ದುಡ್ಡು ಕೊಟ್ಟೇ ಬಂದಿದ್ದನು. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿಗಳನ್ನು ಕೂಡಿಸಿ ಏಳು ತಂತಿಯದನ್ನಾಗಿ ಮಾಡಿಕೊಂಡುದಕ್ಕೆ ಕಾರಣವೂ ಇದೇ. ಮೈಕಿಲ್ಲದ ಸಭೆಗಳಲ್ಲಿ ನಾಲ್ಕು ತಂತಿಯ ನಾದವು ಹಿಂದಿನವರೆಗೆ ತುಂಬುತ್ತಿರಲಿಲ್ಲ. ಗ್ರಾಮಫೋನಿನ ಮೊದಲ ಕಾಲದ ಕಷ್ಟವೂ ಇಂಥದೇ ಆಗಿದ್ದಿತು. 1902ನೆಯ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳು ಹಾಡಿದುದು ಕೊಂಬಿನ ಬಾಯಿಗೆ. ಅವಳ ಉಸಿರಿನ ಬಲವೇ ಸೂಜಿಯನ್ನು ಕುಣಿಸಿ ಮೇಣದಲ್ಲಿ ಗೆರೆ ಕೊರೆಯಬೇಕಾಗಿದ್ದಿತು. ಅವಳು ಕೊನೆಗೆ ಮೈಸೂರರಮನೆಯ ಆಶ್ರಯದಲ್ಲಿದ್ದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಅಷ್ಟು ಹೊತ್ತಿಗೆ ಕೊಂಬಿನ ಕಾಲವೂ ತೀರಿದ್ದಿತು. 1925ರಿಂದ ಮುದ್ರಣಕ್ಕೆ ವಿದ್ಯುತ್ತು ಬಂದಿದ್ದಿತು.

ವಿದ್ಯುತ್ ಪ್ರವಾಹವುಳ್ಳ ಸುರುಳಿಯೊಂದನ್ನು ಅಯಸ್ಕಾಂತದ ಸಂದಿನಲ್ಲಿ ತೂಗಬಿಟ್ಟರೆ ಅದು ಹಿಂದು ಮುಂದಾಗಿ ಅಲುಗುವುದೆಂಬ ತತ್ತ್ವವನ್ನು ವೆರ್ನರ್ ಸೀಮೆನ್ಸನೂ ಆಲಿವರ್ ಲಾಜನೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದರು. ಆದರೆ ಅಲುಗಿಸಲು ತಕ್ಕ ಪ್ರವಾಹವನ್ನು ಕೊಡುವ ವಾಲ್ವುಗಳು ಆಗ ಇರಲಿಲ್ಲ. 1915ರಲ್ಲಿ ಕ್ಯಾಲಿಫೋರ್ನಿಯದ ಜೆನ್ಸನ್ ಮತ್ತು ಪ್ರಿಧಮ್ ಎಂಬುವರು ಸುರುಳಿಗೆ ಕೊಂಬನ್ನು ಜೋಡಿಸಿ ಮ್ಯಾಗ್ನವಾಕ್ಸ್ ಎಂದು ಹೆಸರಿಟ್ಟರು. ಕೊಂಬನ್ನು ಬಿಟ್ಟು, ಕಾಗದದ ಶಂಕುವೇ ನೇರವಾಗಿ ಗಾಳಿಯನ್ನು ತಳ್ಳುವಂತೆ ಲೆಕ್ಕಹಾಕಿ ತೋರಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ಲೇಖನವು ಹೊರಬಂದುದು 1925ರಲ್ಲಿ. ಈ ರೈಸ್ ಬೇರೆ, ಬ್ರಹ್ಮಗಿರಿಯ ರೈಸ್ ಬೇರೆ. ಆದರೂ ಒಬ್ಬನು ಕಲ್ಲಿನ ಮಾತನ್ನೂ ಮತ್ತೊಬ್ಬನು ಗಾಳಿಯ ಮಾತನ್ನೂ ಓದಗೊಟ್ಟುದು ನೆನಪಿಡಲು ಅನುಕೂಲವಾದ ಹೋಲಿಕೆ.

ಅವರ ಜಾಣತನವಿದ್ದುದು ಒಂದೇ ಎಡೆಯಲ್ಲಿ. ತೂಗುವ ವಸ್ತುವಿಗೆಲ್ಲ ಒಂದು ಸ್ವಾಭಾವಿಕ ಕಂಪನವುಂಟು. ಆ ಸ್ವರ ಬಂದಾಗ ಅದು ಮಿತಿಮೀರಿ ಕುಣಿಯುತ್ತದೆ. ಹಿಂದಿನವರು ಈ ಕುಣಿತವನ್ನು ನಡುಶ್ರೇಣಿಯಲ್ಲಿಟ್ಟು ಧ್ವನಿ ದೊಡ್ಡದಾಯಿತೆಂದು ಸಂತೋಷಪಟ್ಟರು. ರೈಸ್ ಮತ್ತು ಕೆಲಾಗ್ ಅದನ್ನು ಶ್ರೇಣಿಯ ಕೆಳತುದಿಗೆ ದಬ್ಬಿದರು. ಅದರ ಮೇಲಣ ಸ್ವರಗಳಲ್ಲೆಲ್ಲ ಶಂಕುವಿನ ತೂಕವೇ ಅದರ ಚಲನೆಯನ್ನು ಆಳುವುದರಿಂದ, ಒಂದು ಸ್ವರಕ್ಕೂ ಇನ್ನೊಂದಕ್ಕೂ ಪಕ್ಷಪಾತವಿಲ್ಲದೆ ಧ್ವನಿಯು ಹೊರಡುವಂತಾಯಿತು. ಮರುವರ್ಷವೇ ಇದು ರೇಡಿಯೋಲ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಿತು. ನೂರು ವರ್ಷಗಳಾದರೂ ಮನೆಯ ಧ್ವನಿವರ್ಧಕಗಳಲ್ಲಿ ಬಹುಪಾಲು ಇದೇ ತತ್ತ್ವದಮೇಲೆ ನಡೆಯುತ್ತಿವೆ. ಆಗಿನ ಧ್ವನಿವರ್ಧಕಗಳಲ್ಲಿ ಶಂಕು ಒಂದೇ. ಮಂದ್ರಕ್ಕೂ ತಾರಕ್ಕೂ ಅದೇ. ಇಂದಿನ ಹವ್ಯಾಸಿಗಳು ‘ಫುಲ್ ರೇಂಜ್ ಡ್ರೈವರ್’ ಎಂದು ಆದರದಿಂದ ಕರೆಯುವುದು ಇಂಥ ಏಕಶಂಕುವಿನ ಧ್ವನಿವರ್ಧಕವನ್ನೇ.

ಕನ್ನಡ ನಾಡಿನ ಮನೆಗಳಿಗೆ ಈ ಶಂಕು ಬಂದುದು ಮುಖ್ಯವಾಗಿ ರೇಡಿಯೋ ಪೆಟ್ಟಿಗೆಯ ಒಳಗೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಸೆಪ್ಟೆಂಬರು 10ರಂದು ತಮ್ಮ ಮನೆಯಾದ ವಿಠಲ ವಿಹಾರದಿಂದ, ಮೂವತ್ತು ವಾಟಿನ ಸಣ್ಣ ಯಂತ್ರದಿಂದ, ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು. ಮುಂದೆ ಅಖಿಲ ಭಾರತ ಸಂಸ್ಥೆಯೇ ಅದನ್ನು ಕೈಗೊಂಡಿತು. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ಅದೇ ಕಾಲದಲ್ಲಿ ಮೈಸೂರಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ಈ ಸೀಮೆಯವರು ಅಭಿಮಾನದಿಂದ ನೆನೆಯಬಹುದು. ಮೈಸೂರಿನ ನಿಲಯವು 1950ರಲ್ಲಿ ಆಲ್ ಇಂಡಿಯಾ ರೇಡಿಯೋವಿಗೆ ಸೇರಿ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಪ್ರಸಾರವೇನೋ ಗಾಳಿಯಲ್ಲಿ ಬರುತ್ತದೆ. ಕೇಳುವ ಪೆಟ್ಟಿಗೆಗೆ ಶಕ್ತಿ ಎಲ್ಲಿಂದ ಬರಬೇಕು? ವಿದ್ಯುತ್ತಿನ ತಂತಿ ಹಳ್ಳಿಗಳನ್ನು ಮುಟ್ಟಿದುದು ಬಹಳ ತಡವಾಗಿ, ಬಿಡಿಬಿಡಿಯಾಗಿ. ತಂತಿಯಿಲ್ಲದ ಊರಿನ ರೇಡಿಯೋ ಬ್ಯಾಟರಿಯ ಮೇಲೆ ನಡೆಯಬೇಕಾಗಿದ್ದಿತು. ತೊಂಬತ್ತು ವೋಲ್ಟಿನ ಒಣಬ್ಯಾಟರಿಯಿಂದ ನಡೆಯುವ ಸಣ್ಣ ವಾಲ್ವಿನ ಪೆಟ್ಟಿಗೆಯಲ್ಲಿ ಧ್ವನಿವರ್ಧಕಕ್ಕೆ ದೊರೆಯುತ್ತಿದ್ದ ಶಕ್ತಿ ಕಾಲು ವಾಟಿನಷ್ಟು ಮಾತ್ರ. ಇಂದಿನ ಕೈಫೋನಿನ ಒಡಲಲ್ಲಿರುವ ಬೆರಳುಗುರಿನಷ್ಟು ಧ್ವನಿವರ್ಧಕಕ್ಕೂ ಇದಕ್ಕಿಂತ ಹೆಚ್ಚು ಶಕ್ತಿ ಸಲ್ಲುವುದುಂಟು. ಆದರೂ ಆ ಕಾಲು ವಾಟಿನಲ್ಲಿ ಜಗುಲಿಯ ಮೇಲಿದ್ದ ಹತ್ತಾರು ಮಂದಿ ವಾರ್ತೆಯನ್ನು ಕೇಳುತ್ತಿದ್ದರು. ಏಕಶಂಕುವಿನ ಗುಣದ ಗುಟ್ಟು ಇಲ್ಲಿದೆ.

ಶಕ್ತಿ ಕಡಿಮೆಯಾದುದರಿಂದ ಶಂಕು ಹಗುರವಾಗಬೇಕಾಯಿತು. ಎಂಟು ಅಂಗುಲದ ಶಂಕುವನ್ನು ತೆಳುವಾದ ಕಾಗದದಿಂದ ಮಾಡಿ, ಅಂಚನ್ನು ಅದೇ ಕಾಗದದ ನಿರಿಗೆಯಾಗಿ ಬಿಟ್ಟು, ಸುರುಳಿಯನ್ನು ಸಣ್ಣದಾಗಿ ಸುತ್ತಿ, ಅಯಸ್ಕಾಂತದ ಸಂದನ್ನು ಆದಷ್ಟು ಇಕ್ಕಟ್ಟಾಗಿ ಇಡುತ್ತಿದ್ದರು. ಇಂಥ ಒಳ್ಳೆಯ ಧ್ವನಿವರ್ಧಕವು ಒಂದು ವಾಟಿಗೆ ಒಂದು ಮೀಟರು ದೂರದಲ್ಲಿ 95 ಡೆಸಿಬಲ್ ಧ್ವನಿಯನ್ನು ಕೊಟ್ಟರೆ, ಇಂದಿನ ಸಣ್ಣ ಪೆಟ್ಟಿಗೆಯ ಧ್ವನಿವರ್ಧಕಗಳಲ್ಲಿ ಹಲವು 85 ಡೆಸಿಬಲ್ಲಿನ ಆಸುಪಾಸಿನಲ್ಲಿವೆ. ಹತ್ತು ಡೆಸಿಬಲ್ ಎಂದರೆ ಶಕ್ತಿಯಲ್ಲಿ ಹತ್ತು ಪಟ್ಟು. ಅಜ್ಜನ ಕಾಲದ ಕಾಲು ವಾಟು ಮೊಮ್ಮಗನ ಎರಡೂವರೆ ವಾಟಿಗೆ ಸಮನಾಯಿತು. ಬಡತನವು ಕಲಿಸಿದ ಮಿತವ್ಯಯವೇ ಮುಂದೆ ಸೊಗಸೆಂದು ಎಣಿಸಲ್ಪಟ್ಟಿತು.

ವಿದ್ಯುತ್ತಿದ್ದ ಪಟ್ಟಣಗಳ ದೊಡ್ಡ ಪೆಟ್ಟಿಗೆಗಳಲ್ಲಿ ಕಥೆ ಬೇರೆ. 1930ರ ದಶಕದಲ್ಲಿ ಬಲವಾದ ಸ್ಥಿರ ಅಯಸ್ಕಾಂತವು ದುಬಾರಿಯಾಗಿದ್ದುದರಿಂದ, ಶಂಕುವಿನ ಹಿಂದೆ ತಾಮ್ರದ ದೊಡ್ಡ ಸುರುಳಿಯನ್ನಿಟ್ಟು ವಿದ್ಯುತ್ತಿನಿಂದಲೇ ಅಯಸ್ಕಾಂತವನ್ನು ಮಾಡುತ್ತಿದ್ದರು. ಇದಕ್ಕೆ ಫೀಲ್ಡ್ ಕಾಯಿಲ್ ಎಂದು ಹೆಸರು. ಆ ಸುರುಳಿಯೇ ಪೆಟ್ಟಿಗೆಯ ವಿದ್ಯುತ್ತಿನ ಏರಿಳಿತವನ್ನು ಸಮಮಾಡುವ ಚೋಕಾಗಿಯೂ ದುಡಿಯುತ್ತಿದ್ದಿತು. ಒಂದೇ ಎತ್ತಿನಿಂದ ಗಾಣವನ್ನೂ ಏತವನ್ನೂ ನಡೆಸಿದ ಹಾಗೆ. ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಅಲ್ನಿಕೋ ಎಂಬ ಮಿಶ್ರಲೋಹವು ಹರಡಿದ ಮೇಲೆ ಫೀಲ್ಡ್ ಕಾಯಿಲಿನ ಕಾಲ ಮುಗಿಯಿತು. ಆ ಅಲ್ನಿಕೋವಿಗೂ 1978ರ ಸುಮಾರಿನಲ್ಲಿ ಕುತ್ತು ಬಂದಿತು: ಕೋಬಾಲ್ಟಿನ ದೊಡ್ಡ ಗಣಿಗಳಿದ್ದ ಆಫ್ರಿಕದ ಜಾಯಿರ್ ದೇಶದ ಶಾಬಾ ಪ್ರಾಂತದಲ್ಲಿ ಯುದ್ಧವೆದ್ದು ಲೋಹದ ಬೆಲೆ ಗಗನಕ್ಕೇರಿತು, ತಯಾರಕರು ಅಗ್ಗದ ಫೆರೈಟಿಗೆ ತಿರುಗಿದರು. ಹಳೆಯ ಅಲ್ನಿಕೋ ಧ್ವನಿವರ್ಧಕಗಳಿಗೆ ಇಂದು ಹವ್ಯಾಸಿಗಳು ಕೊಡುವ ಬೆಲೆಯಲ್ಲಿ ಒಂದು ಪಾಲು ಧ್ವನಿಗೆ, ಇನ್ನೊಂದು ಪಾಲು ಈ ಅಭಾವಕ್ಕೆ ಸಲ್ಲುತ್ತದೆಂದು ಹೇಳಿದರೆ ತಪ್ಪಾಗಲಾರದು.

ಏಕಶಂಕುವನ್ನು ಅದರ ಎತ್ತರದ ತುದಿಗೆ ಒಯ್ದವನು ಲಂಡನ್ನಿನ ಪಾಲ್ ವಾಯ್ಟ್. ದೊಡ್ಡ ಶಂಕು ತಾರಸ್ವರಗಳಲ್ಲಿ ಸೋಲುವುದನ್ನು ಕಂಡು ಅವನು ಅದರ ನಡುವೆ ಸುರುಳಿಗೇ ಅಂಟಿದ ಇನ್ನೊಂದು ಕಿರುಶಂಕುವನ್ನಿಟ್ಟನು. ಮೇಲಣ ಸ್ವರಗಳನ್ನು ಅದು ನುಡಿಯತೊಡಗಿತು. ಅವನ ಕೆಲಸವನ್ನು ಡೊನಾಲ್ಡ್ ಚೇವನು ಲೌದರ್ ಎಂಬ ಹೆಸರಿನಲ್ಲಿ ಮುಂದುವರಿಸಿದನು. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯವರ ಎರಡು ಶಂಕುವಿನ 9710 ಎಂಬ ಧ್ವನಿವರ್ಧಕವು 1950ರ ದಶಕದ್ದು. ಜಪಾನಿನ ಪ್ರಸಾರ ಸಂಸ್ಥೆಯ ನಿಲಯಗಳಲ್ಲಿ ಡಯಾಟೋನ್ ಹೆಸರಿನ ಆರೂವರೆ ಅಂಗುಲದ ಶಂಕು ಬಹುಕಾಲ ಸೇವೆ ಸಲ್ಲಿಸಿತು. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಜಿ. ಎ. ಬ್ರಿಗ್ಸ್ 1932ರಲ್ಲಿ ವಾರ್ಫ್‌ಡೇಲ್ ಕಾರ್ಖಾನೆಯನ್ನು ತೆರೆಯುವ ಮೊದಲು ಜವಳಿ ವ್ಯಾಪಾರದಲ್ಲಿದ್ದವನು. ಅವನ ಎಂಟು ಅಂಗುಲದ ಏಕಶಂಕುವಿಗೆ ಕಾಗದದ ಅಂಚಿನ ಬದಲು ಬಟ್ಟೆಯ ಅಂಚಿದ್ದಿತು. ಹಾಸಿನ ಎಳೆ ಒಂದಿಷ್ಟು ಬಿಗಿಯಾದರೂ ಸಡಿಲವಾದರೂ ಸೀರೆಯ ಅಂದ ಕೆಡುವುದನ್ನು ಬಲ್ಲ ಮೊಳಕಾಲ್ಮುರಿನ ರೇಷ್ಮೆ ನೇಕಾರನಿಗೆ, ಆ ಅಂಚಿನ ಮೇಲೆ ಅಷ್ಟೊಂದು ಶ್ರಮವೇಕೆಂದು ವಿವರಿಸಬೇಕಾದುದಿಲ್ಲ.

ಶಂಕುವನ್ನು ಎರಡು ಮೂರಾಗಿ ಒಡೆಯುವ ಪದ್ಧತಿ ಬಂದುದೇಕೆಂಬ ಪ್ರಶ್ನೆಗೆ ಉತ್ತರ ಸರಳ. ಹಳೆಯ ರೇಡಿಯೋ ಪ್ರಸಾರದಲ್ಲಿ ಐದು ಸಾವಿರ ಹರ್ಟ್ಸ್‌ನ ಮೇಲೆ ಹೆಚ್ಚೇನೂ ಇರುತ್ತಿರಲಿಲ್ಲ. ಅಷ್ಟಕ್ಕೆ ಒಂದು ಶಂಕು ಸಾಕು. ಲಾಂಗ್ ಪ್ಲೇ ತಟ್ಟೆಯೂ ಎಫ್. ಎಂ. ಪ್ರಸಾರವೂ ಹದಿನೈದು ಸಾವಿರದವರೆಗೆ ಏರಿದಾಗ ಅದು ಸಾಲದಾಯಿತು. ಮಂದ್ರಕ್ಕೊಂದು, ತಾರಕ್ಕೊಂದು ಎಂದು ಹಂಚಿ ನಡುವೆ ಸ್ವರಗಳನ್ನು ಬೇರ್ಪಡಿಸುವ ತೂಬನ್ನಿಟ್ಟರು. ಲಾಭ ದೊಡ್ಡದು. ನಷ್ಟವೇನೆಂದರೆ, ಆ ತೂಬು ಬೀಳುವುದು ಸಾಮಾನ್ಯವಾಗಿ ಎರಡು ಮೂರು ಸಾವಿರ ಹರ್ಟ್ಸ್‌ನ ನಡುವೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದೂ, ವ್ಯಂಜನಗಳ ಸ್ಪಷ್ಟತೆ ನಿಂತಿರುವುದೂ ಅಲ್ಲಿಯೇ. ಹೊಲಿಗೆ ಚೆನ್ನಾಗಿದ್ದರೆ ಕಾಣದು. ಕೆಟ್ಟಿದ್ದರೆ ಹಾಡುವವಳ ಬಾಯಿ ಎರಡು ಕಡೆ ತೆರೆದಂತಾಗುತ್ತದೆ. ಏಕಶಂಕುವಿನಲ್ಲಿ ಹೊಲಿಗೆಯೇ ಇಲ್ಲ. ಅದಕ್ಕೆ ಬೇರೆ ದೋಷಗಳುಂಟು: ಮೇಲಣ ಸ್ವರಗಳು ದೀಪದ ಕಿರಣದಂತೆ ಮುಂದಕ್ಕೆ ಮಾತ್ರ ಹೋಗುತ್ತವೆ, ಕಾಗದವು ತುಂಡುತುಂಡಾಗಿ ಅಲುಗಿ ನಡುಶ್ರೇಣಿಯಲ್ಲಿ ಕಿರುಚುವುದುಂಟು, ಮಂದ್ರವಂತೂ ಬಡವಾಗಿಯೇ ಇರುತ್ತದೆ. ಹಳೆಯದೆಲ್ಲ ಮಧುರವೆಂದು ಹಾಡಿಹೊಗಳುವವರು ಈ ದೋಷಗಳನ್ನು ಮರೆಮಾಡುವುದು ನ್ಯಾಯವಲ್ಲ. ಅಳತೆಯ ಕಣ್ಣಿಗೆ ಒಳ್ಳೆಯದಾದ ಇಂದಿನ ಎರಡು ಶಂಕುಗಳ ಪೆಟ್ಟಿಗೆಯು ಹಳೆಯ ರೇಡಿಯೋ ಶಂಕುವಿಗಿಂತ ಬಹುಪಾಲು ರೀತಿಗಳಲ್ಲಿ ಮೇಲು. ಆದರೂ ಒಂಟಿ ಕೊರಳಿನ ಹಾಡು, ಮಾತು, ಕೊಳಲು, ಪಿಟೀಲು ಇವುಗಳಲ್ಲಿ ಹಳೆಯದರ ಕಡೆಗೆ ಕಿವಿ ಮತ್ತೆ ಮತ್ತೆ ತಿರುಗುವುದು ಬರಿಯ ಭ್ರಮೆಯೂ ಅಲ್ಲ.

ಆದುದರಿಂದಲೇ ಈ ಪ್ರಯೋಗವು ಮನೆಯಲ್ಲಿ ಮಾಡಿನೋಡತಕ್ಕದ್ದಾಗಿದೆ. ಅಟ್ಟದ ಮೇಲಿನ ಸತ್ತ ರೇಡಿಯೋವನ್ನು ಇಳಿಸಿದವನು ಮೊದಲು ಅದನ್ನು ವಿದ್ಯುತ್ತಿಗೆ ಜೋಡಿಸಕೂಡದು, ಎ. ಸಿ., ಡಿ. ಸಿ. ಎರಡಕ್ಕೂ ನಡೆಯುವ ಹಳೆಯ ಪೆಟ್ಟಿಗೆಗಳ ತಗಡಿನ ಮೈಗೆ ಮನೆಯ ವಿದ್ಯುತ್ತು ನೇರವಾಗಿ ಬರುವುದುಂಟು, ಫೀಲ್ಡ್ ಕಾಯಿಲಿನಲ್ಲಿ ನೂರಕ್ಕೂ ಮೀರಿದ ವೋಲ್ಟು ಓಡಾಡುವುದುಂಟು. ಸ್ಥಿರ ಅಯಸ್ಕಾಂತದ ಧ್ವನಿವರ್ಧಕವಾದರೆ ಅದನ್ನು ಬಿಚ್ಚಿ ಹೊರತೆಗೆದು, ಶಂಕುವನ್ನು ಎರಡು ಕೈಬೆರಳುಗಳಿಂದ ಸಮನಾಗಿ ಮೆಲ್ಲನೆ ಒತ್ತಿನೋಡಬೇಕು. ಸದ್ದಿಲ್ಲದೆ ಹಿಂದು ಮುಂದಾದರೆ ಸುರುಳಿ ನೆಟ್ಟಗಿದೆ. ಮರಳುಕಾಗದ ಉಜ್ಜಿದಂತಾದರೆ ಸಂದಿನಲ್ಲಿ ತುಕ್ಕೋ ಧೂಳೋ ಸೇರಿದೆ. ಈ ಸೀಮೆಯ ಹವೆಯು ಇದಕ್ಕೆ ಒಂದು ಉಪಕಾರ ಮಾಡಿದೆ. ಕರ್ನಾಟಕದಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಕರಾವಳಿಯಲ್ಲಿ ಬೂಷ್ಟು ಹಿಡಿದು ಕರಗಿಹೋಗುವ ಕಾಗದವು ಈ ಒಣ ಗಾಳಿಯಲ್ಲಿ ಉಳಿಯಬಲ್ಲದು. ಗೆದ್ದಲು ಮತ್ತು ಇಲಿಗಳು ಮಾತ್ರ ಯಾವ ಹವೆಯನ್ನೂ ಲೆಕ್ಕಿಸುವುದಿಲ್ಲ.

ಬಿಚ್ಚಿದ ಶಂಕುವನ್ನು ಬರಿಗಾಳಿಯಲ್ಲಿ ನುಡಿಸಿದರೆ ತಗಡಿನ ದನಿ ಕೇಳುತ್ತದೆ. ಶಂಕುವಿನ ಮುಂಭಾಗವು ಗಾಳಿಯನ್ನು ಒತ್ತುವಾಗ ಹಿಂಭಾಗವು ಎಳೆಯುತ್ತದೆ. ಎರಡೂ ಅಂಚಿನ ಸುತ್ತ ಸೇರಿ ಮಂದ್ರಸ್ವರಗಳನ್ನು ಅಳಿಸಿಬಿಡುತ್ತವೆ. ಒಂದು ಮೀಟರು ಚೌಕದ ಹಲಗೆಗೆ ತೂತು ಕೊರೆದು ಶಂಕುವನ್ನು ಕೂಡಿಸಿದರೆ ಈ ಅಳಿವು ಸುಮಾರು 170 ಹರ್ಟ್ಸ್‌ನ ಕೆಳಕ್ಕೆ ಸರಿಯುತ್ತದೆ. ಗಂಡಸಿನ ಮಾತಿನ ಮೂಲಸ್ವರವು ನೂರರಿಂದ ನೂರೈವತ್ತರ ಆಸುಪಾಸಿನಲ್ಲಿದ್ದು ಕೊಂಚ ಬಡವಾದರೂ, ಅದರ ಉಪಸ್ವರಗಳು ಪೂರ್ಣವಾಗಿ ಬರುವುದರಿಂದ ಕಿವಿಯು ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. ತೆರೆದ ಹಲಗೆಯು ಹಳೆಯ ರೇಡಿಯೋ ಶಂಕುವಿಗೆ ಒಗ್ಗುವುದಕ್ಕೆ ಇನ್ನೂ ಒಂದು ಕಾರಣವುಂಟು. ಅದರ ಅಯಸ್ಕಾಂತವು ದುರ್ಬಲವಾದುದರಿಂದ ಸ್ವಾಭಾವಿಕ ಕಂಪನವು ಪೂರ್ತಿ ಅಡಗದೆ ಕೆಳಸ್ವರಗಳಲ್ಲಿ ಒಂದಿಷ್ಟು ಉಬ್ಬು ಉಳಿಯುತ್ತದೆ. ಹಲಗೆಯು ಕಳೆದುದನ್ನು ಆ ಉಬ್ಬು ತುಂಬಿಕೊಡುತ್ತದೆ. ಲೌದರಿನಂಥ ಬಲವಾದ ಅಯಸ್ಕಾಂತದ ಶಂಕುವಿಗೆ ಹಲಗೆ ಸಲ್ಲದು. ಅದಕ್ಕೆ ಕೊಂಬೇ ಬೇಕು.

ಪೆಟ್ಟಿಗೆಯಲ್ಲಿಯೇ ಇಡಬೇಕೆನ್ನುವವರು ಹಿಂಭಾಗದ ಧ್ವನಿಯನ್ನು ನುಂಗಲು ಏನನ್ನಾದರೂ ತುಂಬಬೇಕು. 1965ರಲ್ಲಿ ಬ್ರಾಡ್‌ಫರ್ಡಿನ ಎ. ಆರ್. ಬೈಲಿ ಎಂಬ ಅಧ್ಯಾಪಕನು ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ, ಉದ್ದವಾದ ಮಡಿಕೆಯ ಕೊಳವೆಯೊಂದರಲ್ಲಿ ನೀಳ ಎಳೆಯ ಉಣ್ಣೆಯನ್ನು ತುಂಬಿ ಹಿಂದಿನ ಧ್ವನಿಯನ್ನು ಹೀರಿಸುವ ರಚನೆಯನ್ನು ಪ್ರಕಟಿಸಿದನು. ಬ್ರಾಡ್‌ಫರ್ಡು ಉಣ್ಣೆಯ ಊರು. ಕೈಗೆ ಸಿಕ್ಕಿದ್ದನ್ನು ಅವನು ಪರೀಕ್ಷಿಸಿದನೆಂದು ತೋರುತ್ತದೆ. ಕುರಿ ಮತ್ತು ಕಂಬಳಿಗೆ ಹೆಸರಾದ ಚಳ್ಳಕೆರೆಯಲ್ಲಿಯೂ ಅದೇ ಪದಾರ್ಥವು ಕೈಗೆ ಸಿಕ್ಕುವಂಥದೇ. ಇಲ್ಲಿಯ ಉಣ್ಣೆ ಒರಟು, ಗಿಡ್ಡ. ಬೈಲಿಯ ಲೆಕ್ಕಕ್ಕೆ ಅದು ಸರಿಯಾಗಿ ಹೊಂದದಿದ್ದರೂ ಹಳೆಯ ಕಂಬಳಿಯ ಎರಡು ಮಡಿಕೆಯನ್ನು ಪೆಟ್ಟಿಗೆಯ ಒಳಗೋಡೆಗೆ ಹೊಡೆದರೆ ಟೊಳ್ಳುದನಿ ಇಳಿಯುತ್ತದೆ. ನುಸಿ ಹತ್ತದಂತೆ ಒಣಬೇವಿನ ಎಲೆ ಹಾಕುವುದನ್ನು ಹಿರಿಯರು ಹೇಳಿಕೊಟ್ಟೇ ಇದ್ದಾರೆ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸಿನವರು ಒಂದು ಕಾಲದಲ್ಲಿ ತಯಾರಿಸಿದ ವಾಲ್ವುಗಳನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ಎರಡು ಮೂರು ವಾಟಿನ ಅಂಥದೊಂದು ವಾಲ್ವಿನ ಯಂತ್ರವು ಇಂಥ ಶಂಕುವಿಗೆ ಬೇಕಾದುದಕ್ಕಿಂತ ಹೆಚ್ಚೇ.

ಇಷ್ಟೆಲ್ಲ ಮಾಡಿ ಏನನ್ನು ಕೇಳಬೇಕು? ಮಾರಾಟಗಾರರು ಪರೀಕ್ಷೆಗೆಂದು ಹಾಕುವ ವಿದೇಶದ ವಾದ್ಯಗೋಷ್ಠಿಯ ತಟ್ಟೆಗಳಿಂದ ಈ ಸೀಮೆಯ ಕಿವಿಗೆ ಏನೂ ತಿಳಿಯದು. ಆ ವಾದ್ಯಗಳ ನಿಜವಾದ ದನಿಯನ್ನು ಎದುರು ಕುಳಿತು ಕೇಳಿದವರು ವಿರಳ. ಬಲ್ಲ ದನಿಯಿಂದಲೇ ಪರೀಕ್ಷೆ ನಡೆಯಬೇಕು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಸಾವಿರಾರು ಪದಗಳನ್ನು ನಾಲಗೆಯ ಮೇಲಿಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರರು ಅವರ ಪದಗಳನ್ನು ‘ಸಾವಿರದ ಸಿರಿಬೆಳಗು’ ಎಂಬ ಹೆಸರಿನಲ್ಲಿ ಸಂಗ್ರಹಿಸಿಕೊಟ್ಟುದರಿಂದ ಮಾತು ಉಳಿಯಿತು. ಅಂಥ ಪದಗಳನ್ನು ಹಾಡುವವರು ಎಲ್ಲಿ ಉಸಿರು ಹಿಡಿಯುತ್ತಾರೆ, ಎಲ್ಲಿ ಸ್ವರವನ್ನು ಎಳೆದು ಬಿಡುತ್ತಾರೆ, ಸೊಲ್ಲಿನ ಕೊನೆಯಲ್ಲಿ ದನಿ ಹೇಗೆ ಕುಸಿಯುತ್ತದೆ ಎಂಬುದನ್ನು ಅಚ್ಚಿನ ಮೊಳೆಗಳು ಹಿಡಿಯಲಾರವು. ಟೇಪು ಯಂತ್ರ ಬಂದ ಮೇಲೆ ಜನಪದ ವಿದ್ವಾಂಸರು ನಾಡಿನಾದ್ಯಂತ ಇಂಥ ಹಾಡುಗಾರಿಕೆಯನ್ನು ಧ್ವನಿಮುದ್ರಿಸಿದ್ದಾರೆ. ಅವುಗಳಲ್ಲಿ ಬಹುಪಾಲಿಗೆ ಪಕ್ಕವಾದ್ಯವಿಲ್ಲ, ಗುಂಗಿಲ್ಲ, ಮರೆಮಾಚುವ ಅಲಂಕಾರವೊಂದೂ ಇಲ್ಲ. ಹಟ್ಟಿಯ ಹಿನ್ನೆಲೆಯಲ್ಲಿ ಕುರಿ ಅರಚಿದರೆ ಅದೂ ಸೇರಿಯೇ ಬಂದಿರುತ್ತದೆ. ಇಂಥ ಮುದ್ರಣವನ್ನು ಮಂದ್ರವನ್ನು ಉಬ್ಬಿಸಿ ತಾರವನ್ನು ಮಿಂಚಿಸುವ ಇಂದಿನ ಅಗ್ಗದ ಪೆಟ್ಟಿಗೆಗಳಲ್ಲಿ ಕೇಳಿದವನು, ಹಾಡು ಸರಿಯಿಲ್ಲವೆಂದೋ ಮುದ್ರಣ ಕೆಟ್ಟಿದೆಯೆಂದೋ ಎದ್ದುಹೋಗುತ್ತಾನೆ. ಹೀಗೆ ಎದ್ದುಹೋದವರ ಮನೆಯಲ್ಲಿ ಆ ಹಾಡಿಗೆ ಮುಂದಿನ ತಲೆಯಿಲ್ಲ. ಅದೇ ಮುದ್ರಣವನ್ನು ನಡುಶ್ರೇಣಿ ನೆಟ್ಟಗಿರುವ ಒಂದು ಹಳೆಯ ಶಂಕುವಿನಲ್ಲಿ, ತೆರೆದ ಹಲಗೆಯ ಎದುರಿಗೆ ಆರೇಳು ಅಡಿ ದೂರದಲ್ಲಿ ಕುಳಿತು ಕೇಳಿದರೆ, ಹಾಡುವವಳು ಒಂದೇ ಎಡೆಯಲ್ಲಿ ನಿಂತಿರುವುದೂ ಪದದ ವ್ಯಂಜನಗಳು ಬಿಡಿಬಿಡಿಯಾಗಿರುವುದೂ ತಿಳಿಯುತ್ತದೆ.

ಉರುಮೆಯ ಪರೀಕ್ಷೆ ಬೇರೆ. ಬಾಗಿದ ಕಡ್ಡಿಯಿಂದ ಚರ್ಮವನ್ನು ಉಜ್ಜಿ ಹೊರಡಿಸುವ ಅದರ ಗುರುಗುಟ್ಟುವಿಕೆಯು ಮಂದ್ರದಲ್ಲಿ ಜಾರುತ್ತ ಹೋಗುವಂಥದು; ಎಂಟು ಅಂಗುಲದ ಹಳೆಯ ಶಂಕು ಅದರ ಉಜ್ಜುವಿಕೆಯನ್ನು ಕೊಡಬಲ್ಲದೇ ಹೊರತು ಹೊಟ್ಟೆಯನ್ನು ಕೊಡಲಾರದು. ಹೆಚ್ಚು ಶಕ್ತಿ ಹರಿಸಿ ಒತ್ತಾಯಮಾಡಿದರೆ ಸುರುಳಿ ಸಂದಿನಿಂದ ಹೊರಬಂದು ಹರಿಯುತ್ತದೆ; ಅನೇಕ ಒಳ್ಳೆಯ ಶಂಕುಗಳು ಸತ್ತುದು ಹೀಗೆಯೇ. ತಿಳಿದವರು ಹನ್ನೆರಡು ಅಂಗುಲದ ಇನ್ನೊಂದು ಶಂಕುವನ್ನು ತಂದು, ನೂರೈವತ್ತು ಹರ್ಟ್ಸ್‌ನ ಕೆಳಗಿನದನ್ನು ಮಾತ್ರ ಅದಕ್ಕೆ ಒಪ್ಪಿಸಿ, ಮೇಲಿನದನ್ನೆಲ್ಲ ಹಳೆಯದಕ್ಕೇ ಬಿಡುತ್ತಾರೆ. ತೂಬು ಆಗ ಮಾತಿನ ನಡುವೆ ಬೀಳದೆ ಅದರ ಬುಡದಲ್ಲಿ ಬೀಳುತ್ತದೆ.